ಜೇಡರ ದಾಸಿಮಯ್ಯನವರು: ಹರಿದ ವಸ್ತ್ರವೂ ನೇಕಾರನ ಮನಸ್ಸೂ

ಬಸವಪೂರ್ವ ಯುಗದ ಶರಣರಲ್ಲಿ ಅಗ್ರಗಣ್ಯರು, ಆದ್ಯ ವಚನಕಾರರೆಂದು ಪ್ರಸಿದ್ಧರು ಜೇಡರ ದಾಸಿಮಯ್ಯನವರು. ಇಂದಿನ ಯಾದಗಿರಿ ಜಿಲ್ಲೆಯ ಮುದನೂರು ಅವರ ಜನ್ಮಸ್ಥಳ. ಅಲ್ಲಿಯ ರಾಮನಾಥನೇ ಅವರ ಆರಾಧ್ಯದೈವ, ವಚನಗಳ ಅಂಕಿತವೂ ಆ ಹೆಸರೇ. ಕಾಯಕ ನೇಯ್ಗೆ.

ಅವರ ದಾಂಪತ್ಯದ ಆರಂಭವೇ ವಿಶಿಷ್ಟವಾದುದು. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ನೀರು ಕಟ್ಟಿಗೆಗಳಿಲ್ಲದೆ ಪಾಯಸ ಮಾಡಬಲ್ಲ ಕನ್ಯೆಯನ್ನು ಅವರು ಅರಸಿದರಂತೆ. ದುಗ್ಗಳೆ ಅಕ್ಕಿಯನ್ನು ಹಸನು ಮಾಡಿ, ಕಬ್ಬಿನ ರಸದಲ್ಲಿ ಬೇಯಿಸಿ, ಒಣಗಿದ ಸಿಪ್ಪೆಯನ್ನೇ ಉರುವಲಾಗಿಸಿದಳು. ಬಿಸಾಡಬೇಕಾದುದು ಏನೂ ಉಳಿಯಲಿಲ್ಲ. ಇಂಥ ಮನೆಗೆ ಒಪ್ಪುವ ಕಾಯಕವೇ ಮಗ್ಗದ್ದು. ಹಾಸಿನ ಒಂದು ಎಳೆ ಹರಿದರೆ ನೇಕಾರನು ಇಡೀ ಹಾಸನ್ನು ಕಿತ್ತೆಸೆಯುವುದಿಲ್ಲ; ಲಾಳಿಯನ್ನು ನಿಲ್ಲಿಸಿ, ತುದಿಗಳನ್ನು ಹುಡುಕಿ, ಗಂಟು ಹಾಕಿ ಮುಂದುವರಿಯುತ್ತಾನೆ. ಒಂದು ಗುಂಡಿ ಬಿದ್ದ ಅಂಗಿಯನ್ನು ಮೂಲೆಗೆಸೆಯುವ ನಮಗೆ ಈ ತಾಳ್ಮೆ ಅಪರಿಚಿತವಾಗುತ್ತಿದೆ.

ಒಮ್ಮೆ ದಾಸಿಮಯ್ಯನವರು ಬಹುಕಾಲ ಶ್ರಮಿಸಿ ನೇಯ್ದ ವಸ್ತ್ರವನ್ನು ಮಾರಲು ಒಯ್ದರು. ದಾರಿಯಲ್ಲಿ ವೃದ್ಧ ಜಂಗಮನೊಬ್ಬ ಅದನ್ನು ಬೇಡಿದ. ಮನೆಯ ಅನ್ನ ಆ ವಸ್ತ್ರದ ಬೆಲೆಯಲ್ಲಿತ್ತು, ಆದರೂ ಕೊಟ್ಟರು. ಜಂಗಮನು ಅವರ ಕಣ್ಣೆದುರಿನಲ್ಲಿಯೇ ಅದನ್ನು ಹರಿದು ತುಂಡು ತುಂಡು ಮಾಡಿ ಮೈಗೆ ಸುತ್ತಿಕೊಳ್ಳತೊಡಗಿದ. ನೇಯ್ದ ಕೈಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಮತ್ತೊಂದಿರಲಾರದು. ದಾಸಿಮಯ್ಯನವರು ಕೋಪಿಸಿಕೊಳ್ಳಲಿಲ್ಲ. ಇಡಿಯಾಗಿದ್ದಾಗ ಶಿವಾರ್ಪಿತವಾದುದು ತುಂಡಾದಾಗಲೂ ಶಿವನದೇ ಎಂಬುದು ಅವರ ನಿಲುವಾಗಿತ್ತು. ಜಂಗಮ ರೂಪದ ಶಿವನು ಮೆಚ್ಚಿ, ಎಂದೂ ಬರಿದಾಗದ ತವನಿಧಿಯನ್ನು ಅನುಗ್ರಹಿಸಿದನೆಂದು ಪುರಾಣಗಳು ಹೇಳುತ್ತವೆ.

ಈ ಕಥೆಯನ್ನು ಓದುವಾಗಲೆಲ್ಲ ಉತ್ತರ ಕರ್ನಾಟಕದ ನಮ್ಮ ತಾಯಂದಿರ ಕೌದಿ ನೆನಪಾಗುತ್ತದೆ. ಸವೆದ ಸೀರೆ, ಹರಿದ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಒತ್ತೊತ್ತಾಗಿ ದಾರ ಎಳೆದರೆ ಚಳಿಗಾಲಕ್ಕೆ ಹೊದಿಕೆ ಸಿದ್ಧ. ಉಳಿದ ಖಣದ ಚೂರುಗಳಿಂದ ಕೂಸಿಗೆ ಕುಂಚಿಗೆ. ಅಜ್ಜಿಯ ಸೀರೆ ಮೊಮ್ಮಗುವಿನ ಮೈ ಬೆಚ್ಚಗಿಡುತ್ತಿತ್ತು. ನೇಕಾರನ ಶ್ರಮಕ್ಕೆ ಇಷ್ಟು ದೀರ್ಘವಾದ ಆಯುಷ್ಯವನ್ನು ಕೊಟ್ಟವರು ಅಕ್ಷರ ಕಲಿಯದ ಆ ತಾಯಂದಿರು.

ತವನಿಧಿ ದೊರೆತ ಮೇಲೆ ದಾಸಿಮಯ್ಯನವರ ಮನದಲ್ಲಿ ತಾನು ಕೊಟ್ಟೆನೆಂಬ ಹಮ್ಮು ಸುಳಿಯಿತು. ಶಿವನಿಗೇ ಬಟ್ಟೆ ಕೊಟ್ಟವನು ತಾನೆಂಬ ಭಾವದಿಂದ ಬಡ ಶರಣ ಶಂಕರ ದಾಸಿಮಯ್ಯನವರಿಗೆ ದಾನ ನೀಡಹೋದರು. ಅವರ ನಿರಪೇಕ್ಷೆಯ ಮುಂದೆ ಆ ಹಮ್ಮು ಕರಗಿತು, ತವನಿಧಿಯೂ ಬರಿದಾಯಿತು. ತಪ್ಪನ್ನರಿತು ಶರಣಾದ ಮೇಲೆಯೇ ಅದು ಮರಳಿ ತುಂಬಿತಂತೆ. ಹರಿದ ಬಟ್ಟೆಯ ಮುಂದೆ ಗೆದ್ದವರು ತುಂಬಿದ ಕಣಜದ ಮುಂದೆ ಕ್ಷಣಕಾಲ ಸೋತಿದ್ದರು ಎಂಬುದನ್ನು ಪುರಾಣಕಾರರು ಮರೆಮಾಚಿಲ್ಲ.