ವಾಂಟೇಜಿನಲ್ಲಿ ಪಂಡಿತಾ ರಮಾಬಾಯಿ

ಪರದೇಶಕ್ಕೆ ಹೋಗಿ ನೆಲಸುವವರಿಗೆ ಅಲ್ಲಿನ ಚಳಿ ಒಗ್ಗುವುದು ತಡವಾಗಬಹುದು. ಅಲ್ಲಿನ ಊಟ ಒಗ್ಗುವುದು ಇನ್ನೂ ತಡವಾಗಬಹುದು. ಈ ಎರಡಕ್ಕಿಂತಲೂ ಕಠಿನವಾದ ತೊಡಕು ಮತ್ತೊಂದುಂಟು. ಮನಸ್ಸಿನಲ್ಲಿ ಹೊತ್ತು ನಡೆಯುವ ನಂಬಿಕೆ ಆ ಗಾಳಿಯಲ್ಲಿ ಉಳಿದೀತೆ ಎಂಬುದೇ ಆ ತೊಡಕು. ಇದನ್ನು ನಾವು ಸಾಮಾನ್ಯವಾಗಿ ನಾಸ್ತಿಕರ ನಡುವೆ ಸಿಕ್ಕಿಕೊಂಡ ಆಸ್ತಿಕನ ಸಂಕಟವೆಂದು ಭಾವಿಸುತ್ತೇವೆ. ನಾನು ಇಲ್ಲಿ ಹೇಳಹೊರಟಿರುವುದು ಅದಕ್ಕೆ ತೀರ ವಿಪರೀತವಾದ ಒಂದು ಪ್ರಸಂಗ. ಇಲ್ಲಿ ಒಬ್ಬ ಕ್ರೈಸ್ತ ಹೆಣ್ಣುಮಗಳ ವಿಶ್ವಾಸಕ್ಕೆ ಸವಾಲೊಡ್ಡಿದವರು ಕ್ರೈಸ್ತರೇ. ಅವರಲ್ಲಿ ಮುಖ್ಯರಾದವರು ಆಕೆಯನ್ನು ಅಕ್ಕರೆಯಿಂದ ಬರಮಾಡಿಕೊಂಡು ಅನ್ನವಿಟ್ಟು ಸಾಕಿದವರು. ಆ ಹೆಣ್ಣುಮಗಳೇ ಪಂಡಿತಾ ರಮಾಬಾಯಿ.

ಮಹಾರಾಷ್ಟ್ರದವರು ಆಕೆಯನ್ನು ತಮ್ಮವರೆಂದು ಹೇಳಿಕೊಳ್ಳುವುದು ಸಹಜ. ಆದರೆ ಆಕೆ ಹುಟ್ಟಿದ ನೆಲ ನಮ್ಮದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ ಅಪರಾಧಕ್ಕಾಗಿ ಅವರು ಊರವರ ನಿಷ್ಠುರವನ್ನು ಕಟ್ಟಿಕೊಂಡರು. ಉಡುಪಿಯ ಪಂಡಿತಸಭೆಯ ಮುಂದೆ ನಿಂತು ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಅಲ್ಲಿ ಅವರು ಕೋಪಿಸಿಕೊಳ್ಳಲಿಲ್ಲ, ಕ್ಷಮೆಯನ್ನೂ ಬೇಡಲಿಲ್ಲ. ಹೆಣ್ಣು ಸಂಸ್ಕೃತ ಕಲಿಯಬಾರದೆಂದು ಯಾವ ಶಾಸ್ತ್ರ ಹೇಳುತ್ತದೆ, ತೋರಿಸಿ ಎಂದು ಕೇಳಿದರು. ತಮ್ಮ ಪಕ್ಷದ ಆಧಾರಗಳನ್ನು ತಾವು ಮುಂದಿಟ್ಟರು. ಅನಂತರ ಅವರು ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿ. ಮಗುವಿಗೆ ಆರು ತಿಂಗಳಾಗುತ್ತಲೇ ಸಂಸಾರ ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿದ ಆ ಕೂಸು ಮತ್ತೆ ಬಹುಕಾಲ ಒಂದು ಕಡೆ ನೆಲೆ ನಿಲ್ಲಲಿಲ್ಲ.

ಆ ಅಲೆದಾಟದಲ್ಲಿಯೇ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದರು. ಭಾಗವತದ ಸಾವಿರಾರು ಶ್ಲೋಕಗಳು ಕಂಠಸ್ಥವಾದವು. ಪುರಾಣಶ್ರವಣದಿಂದ ಬಂದ ಕಾಣಿಕೆಯೇ ಸಂಸಾರಕ್ಕೆ ಆಧಾರ. ಬರಗಾಲ ಬಂದಾಗ ಆ ಆಧಾರವೂ ತಪ್ಪಿತು. ತಂದೆ, ತಾಯಿ, ಅಕ್ಕ ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಉಳಿದ ಅಣ್ಣ ಶ್ರೀನಿವಾಸನೊಡನೆ ಆಕೆ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದಿತ್ತು ಗೌರವಿಸಿದರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಒಂದು ಪ್ರತಿಯನ್ನು ಕೈಗಿತ್ತು ಓದಲು ಹೇಳಿದರು. ಅಣ್ಣನೂ ಕಾಲವಾದ ಮೇಲೆ, 1880ರಲ್ಲಿ, ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಆಕೆ ವರಿಸಿದರು. 1882ರ ಫೆಬ್ರವರಿಯಲ್ಲಿ ಕಾಲರಾ ಅವರನ್ನು ಕೊಂಡೊಯ್ದಿತು. ಇಪ್ಪತ್ತಮೂರು ವರ್ಷದ ವಿಧವೆಯ ಮಡಿಲಲ್ಲಿ ವರ್ಷ ತುಂಬದ ಹೆಣ್ಣುಮಗು, ಮನೋರಮಾ.

ಪುಣೆಗೆ ಬಂದ ರಮಾಬಾಯಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು; ಹಂಟರ್ ಶಿಕ್ಷಣ ಆಯೋಗದ ಮುಂದೆ, ಹೆಂಗಸರಿಗೆ ವೈದ್ಯಕೀಯ ಶಿಕ್ಷಣ ಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯೆಯಾಗಬೇಕೆಂಬ ಆಸೆಯಿಂದ, ಸ್ತ್ರೀಧರ್ಮನೀತಿ ಎಂಬ ತಮ್ಮ ಮರಾಠಿ ಪುಸ್ತಕದಿಂದ ಬಂದ ಹಣವನ್ನು ಕೂಡಿಸಿಕೊಂಡು, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹಡಗನ್ನೇರಿದರು. ಜೊತೆಗೆ ಆನಂದೀಬಾಯಿ ಭಗತ್ ಎಂಬ ಗೆಳತಿ. ಪುಣೆಯಲ್ಲಿ ಶಾಖೆಯಿದ್ದ ಆಂಗ್ಲಿಕನ್ ಸಂನ್ಯಾಸಿನಿಯರ ಸಂಘವೊಂದು ವಾಂಟೇಜ್ ಎಂಬ ಊರಿನ ತನ್ನ ಮಠದಲ್ಲಿ ಆಶ್ರಯ ನೀಡಿತ್ತು. ಇಂಡಿಯಾಕ್ಕೆ ಬರಲಿದ್ದ ಸಂನ್ಯಾಸಿನಿಯರಿಗೆ ಆಕೆ ಮರಾಠಿ ಕಲಿಸುವುದು, ಅದಕ್ಕೆ ಪ್ರತಿಯಾಗಿ ಅವರು ಊಟ ವಸತಿಗಳನ್ನು ಕೊಟ್ಟು ಇಂಗ್ಲಿಷ್ ಕಲಿಸುವುದು ಎಂದು ಏರ್ಪಾಡು. ಕ್ರೈಸ್ತಳಾಗುವ ಉದ್ದೇಶ ತಮಗಿಲ್ಲವೆಂದು ರಮಾಬಾಯಿ ಮೊದಲೇ ತಿಳಿಸಿದ್ದರು. ವೈದ್ಯಕೀಯದ ಆಸೆ ಬಹಳ ದಿನ ಉಳಿಯಲಿಲ್ಲ. ಆಕೆಯ ಕಿವಿ ಮಂದವಾಗಿತ್ತು. ಕಿವಿ ಕೇಳದವರಿಗೆ ಆ ವಿದ್ಯೆ ದಕ್ಕುವುದಿಲ್ಲವೆಂದಾಯಿತು.

ಮುಂದೆ ನಡೆದದ್ದು ಘೋರ. ಅಲ್ಲಿನವರು ತಮ್ಮಿಬ್ಬರನ್ನೂ ಬಲಾತ್ಕಾರವಾಗಿ ಮತಾಂತರಿಸುವರೆಂಬ ಭೀತಿ ಆನಂದೀಬಾಯಿಯ ಮನಸ್ಸನ್ನು ಹೊಕ್ಕು ಕದಡಿತು. ಒಂದು ರಾತ್ರಿ ಆಕೆ ರಮಾಬಾಯಿಯ ಕತ್ತನ್ನು ಹಿಸುಕಲು ಬಂದರೆಂದೂ, ಅದು ಸಾಧ್ಯವಾಗದೆ ಪ್ರಾಣ ಕಳೆದುಕೊಂಡರೆಂದೂ ಆಕ್ಸ್‌ಫರ್ಡಿನ ಮ್ಯಾಕ್ಸ್ ಮುಲ್ಲರರು ಬರೆದಿಟ್ಟಿದ್ದಾರೆ. ಆ ಬಳಿಕ ರಮಾಬಾಯಿ ಅವರ ಮನೆಯಲ್ಲಿ ಕೆಲವು ದಿನ ಇದ್ದಾಗ ಒಬ್ಬರೇ ಮಲಗಲಾರದೆ ಹೆದರುತ್ತಿದ್ದರಂತೆ. ಇಷ್ಟಾಗಿಯೂ ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜಿನ ಚರ್ಚಿನಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಏಕೆ ಪಡೆದರು? ದಿಕ್ಕಿಲ್ಲದವಳು ಅನ್ನವಿಟ್ಟವರ ಮತಕ್ಕೆ ಸೇರಿದಳು ಎಂದು ಅಂದು ಇಲ್ಲಿ ಹಲವರು ಆಡಿಕೊಂಡರು. ಆಕೆ ಮುಂದೆ ತಾವೇ ಬರೆದ ಕಾರಣ ಬೇರೆ. ಸಂನ್ಯಾಸಿನಿಯರು ಆಕೆಯನ್ನು ಲಂಡನ್ನಿನ ಫುಲಂ ಎಂಬಲ್ಲಿದ್ದ ಒಂದು ಆಶ್ರಯಧಾಮಕ್ಕೆ ಕರೆದೊಯ್ದಿದ್ದರು. ದಾರಿ ತಪ್ಪಿದವರೆಂದು ಸಮಾಜ ಹೊರದೂಡಿದ ಹೆಂಗಸರನ್ನು ಅಲ್ಲಿ ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಿದ್ದರು. ತಾವು ಓದಿದ ಧರ್ಮಶಾಸ್ತ್ರಗಳಲ್ಲಿ ಅಂಥವರಿಗೆ ದಂಡನೆಯನ್ನು ಕಂಡಿದ್ದ ಪಂಡಿತೆಗೆ ಈ ಕರುಣೆ ಹೊಸದು. ಇದರ ಮೂಲವೆಲ್ಲಿ ಎಂದು ಕೇಳಿದಾಗ ಒಬ್ಬ ಸಂನ್ಯಾಸಿನಿ ಯೋಹಾನನ ಸುವಾರ್ತೆಯಿಂದ, ಬಾವಿಯ ಬಳಿ ಯೇಸು ಮಾತನಾಡಿಸಿದ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿಸಿದರು. ರಮಾಬಾಯಿಯ ಮನಸ್ಸು ಅಲ್ಲಿ ನೆಟ್ಟಿತು. ಒಂದು ಕಾಲದಲ್ಲಿ ಕಾಶಿಯ ಪಂಡಿತರಾಗಿದ್ದು ಕ್ರೈಸ್ತರಾದ ನೆಹೆಮಿಯಾ ಗೋರೆಯವರ ತರ್ಕ ಬುದ್ಧಿಯನ್ನು ಒಪ್ಪಿಸಿತು. ಹೀಗೆ ಆಕೆ ಒಪ್ಪಿದ್ದು ಕ್ರಿಸ್ತನನ್ನು. ಆದರೆ ಕ್ರಿಸ್ತನೊಡನೆ ಆಂಗ್ಲಿಕನ್ ಚರ್ಚಿನ ಸಮಸ್ತ ನಿಬಂಧನೆಗಳನ್ನೂ ಒಪ್ಪಿದಂತಾಯಿತೆಂದು ಮಠದವರು ತಿಳಿದರು. ಜಗಳದ ಬೀಜ ಇದ್ದದ್ದು ಇಲ್ಲಿ.

1884ರಲ್ಲಿ ಆಕೆ ಚೆಲ್ಟನಂ ಮಹಿಳಾ ಕಾಲೇಜಿಗೆ ಹೋದರು. ಸಂಸ್ಕೃತವನ್ನು ಕಲಿಸುತ್ತ ಗಣಿತ, ವಿಜ್ಞಾನ, ಇಂಗ್ಲಿಷ್ ಸಾಹಿತ್ಯಗಳನ್ನು ಕಲಿಯತೊಡಗಿದರು. ಅಲ್ಲಿಂದ ವಾಂಟೇಜಿಗೆ ಪತ್ರಗಳು ಓಡಾಡಿದವು. ವಾಂಟೇಜಿನಲ್ಲಿ ಆಕೆಯ ಧಾರ್ಮಿಕ ಮಾರ್ಗದರ್ಶಿಯಾಗಿದ್ದವರು ಸಿಸ್ಟರ್ ಜೆರಾಲ್ಡೀನ್. ತಾಯಿಯೂ ಮಗಳೂ ಅವರನ್ನು ಪ್ರೀತಿಯಿಂದ ಆಜೀಬಾಯಿ, ಎಂದರೆ ಅಜ್ಜಿ, ಎಂದು ಕರೆಯುತ್ತಿದ್ದರು. ಆ ಪತ್ರಗಳನ್ನು ನಾನು ಓದಿದಾಗ ಮೊದಲು ನನ್ನ ಮನಸ್ಸನ್ನು ಹಿಡಿದದ್ದು ದೊಡ್ಡ ತತ್ತ್ವಗಳ ಚರ್ಚೆಗಿಂತ ಸಣ್ಣ ಸಂಗತಿಗಳು. ರಮಾಬಾಯಿ ಕ್ರೈಸ್ತರಾದ ಮೇಲೆಯೂ ಮಾಂಸ ಮುಟ್ಟಲಿಲ್ಲ. ಮೊಟ್ಟೆ ಸೇರಿದ ಪುಡಿಂಗನ್ನು ಸಹ ತಿನ್ನಲಿಲ್ಲ. ಇದು ಇನ್ನೂ ಬಿಡದ ಬ್ರಾಹ್ಮಣ್ಯದ ಅಹಂಕಾರವೆಂದು ಜೆರಾಲ್ಡೀನ್ ಆಕ್ಷೇಪಿಸಿದರು. ಹಳೆಯ ಪದ್ಧತಿಗಳಲ್ಲಿ ಕೆಲವು ತಮಗೆ ಪ್ರಿಯವೆಂದೂ, ಕ್ರಿಸ್ತನನ್ನು ನಂಬುವುದಕ್ಕೆ ಇಂಗ್ಲಿಷರ ಅಡುಗೆಯನ್ನು ಉಣ್ಣಬೇಕಾದ ಅವಶ್ಯಕತೆಯಿಲ್ಲವೆಂದೂ ರಮಾಬಾಯಿಯ ಉತ್ತರದ ತಾತ್ಪರ್ಯ. ಇನ್ನೊಮ್ಮೆ ಶಿಲುಬೆಯ ಮೇಲಿನ ಬರಹದ ಪ್ರಶ್ನೆ ಬಂತು. ಲ್ಯಾಟಿನ್ ಬರಹವನ್ನು ಆಕೆ ಒಪ್ಪಲಿಲ್ಲ, ಸಂಸ್ಕೃತವೇ ಇರಲೆಂದರು. ಲ್ಯಾಟಿನ್ ಯಾವ ಕಾರಣದಿಂದ ಸಂಸ್ಕೃತಕ್ಕಿಂತ ಪವಿತ್ರವೆಂಬುದು ಆಕೆಗೆ ಅರ್ಥವಾಗದು.

ದೊಡ್ಡ ಸಂಗತಿಗಳೂ ಇದ್ದವು. ಬಂಗಾಳದಲ್ಲಿ ನಿರಾಕಾರನಾದ ಒಬ್ಬನೇ ದೇವರನ್ನು ಧ್ಯಾನಿಸಲು ಕಲಿತಿದ್ದ ಮನಸ್ಸಿಗೆ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ತತ್ತ್ವ ಸುಲಭವಾಗಿ ಹಿಡಿಸಲಿಲ್ಲ. ಅಥನೇಷಿಯಸನ ವಿಶ್ವಾಸಪ್ರಮಾಣದಲ್ಲಿ, ಇದನ್ನು ನಂಬದವರಿಗೆ ನಾಶವೇ ಗತಿಯೆಂದು ಬರುವ ಮಾತನ್ನು ತಾವು ಉಚ್ಚರಿಸಲಾರೆವೆಂದರು. ಬೈಬಲಿನಲ್ಲಿ ಸ್ಪಷ್ಟವಾಗಿ ಕಾಣದ ಯಾವುದನ್ನೂ ಪುರೋಹಿತರು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪುವುದಿಲ್ಲವೆಂದರು. ಒಂದೇ ಊರಿನಲ್ಲಿ ಒಂದೇ ಕ್ರಿಸ್ತನ ಹೆಸರಿನಲ್ಲಿ ಎಷ್ಟೊಂದು ಪಂಗಡಗಳು! ಒಬ್ಬರ ಸತ್ಯ ಇನ್ನೊಬ್ಬರಿಗೆ ಪಾಷಂಡ. ಇವುಗಳಲ್ಲಿ ಯಾವುದಕ್ಕೆ ತಲೆಬಾಗಬೇಕು? ತಾವು ಸೇರಿದ್ದು ಕ್ರಿಸ್ತನ ವಿಶ್ವವ್ಯಾಪಿಯಾದ ಸಭೆಗೆ, ಇಂಗ್ಲೆಂಡಿನ ಒಂದು ಪಂಗಡಕ್ಕೆ ಮಾತ್ರವಲ್ಲ ಎಂಬ ನಿಲುವಿಗೆ ಆಕೆ ಬಂದರು. 1885ರಲ್ಲಿ ಮತ್ತೊಂದು ವಿವಾದ ಹುಟ್ಟಿತು. ಗಂಡಸರೂ ಕುಳಿತ ತರಗತಿಗೆ ಆಕೆ ಪಾಠ ಹೇಳುವ ಯೋಚನೆ ಬಂದಾಗ, ಇದರಿಂದ ಇಂಡಿಯಾದಲ್ಲಿ ಆಕೆಯ ಹೆಸರು ಕೆಡುವುದೆಂದು ಲಾಹೋರಿನ ಮತ್ತು ಬೊಂಬಾಯಿಯ ಬಿಷಪ್ಪರು ಅಡ್ಡಿ ಹೇಳಿದರು. ಕಲ್ಕತ್ತೆಯಲ್ಲಿ ಪಂಡಿತರ ತುಂಬಿದ ಸಭೆಗಳಲ್ಲಿ ಮಾತನಾಡಿದ್ದ ರಮಾಬಾಯಿಗೆ ಇದು ವಿಚಿತ್ರವಾಗಿ ಕಂಡಿತು. ತಮ್ಮ ನಡತೆಯನ್ನು ನಿರ್ಣಯಿಸುವ ಅಂತಃಕರಣ ದೇವರು ತಮಗೂ ಕೊಟ್ಟಿದ್ದಾನೆಂದು ಕಾಲೇಜಿನ ಮುಖ್ಯಸ್ಥೆ ಡೊರೊತಿಯಾ ಬೀಲ್ ಅವರಿಗೆ ಖಂಡಿತವಾಗಿ ತಿಳಿಸಿದರು.

ಈ ಧೈರ್ಯದ ಬೆಲೆಯನ್ನು ಓದುಗರು ಒಮ್ಮೆ ಎಣಿಸಿ ನೋಡಬೇಕು. ಕೈಯಲ್ಲಿ ಹಣವಿಲ್ಲ, ಅನ್ನ ವಸತಿಗಳು ಯಾರೊಡನೆ ವಾದಿಸುತ್ತಿದ್ದರೋ ಅವರದೇ. ಮಗಳು ಕೆಲವು ಕಾಲ ಅವರ ಪಾಲನೆಯಲ್ಲಿಯೇ ಇದ್ದಳು. ಆ ಮಗುವಿಗೆ ಯಾವ ಧರ್ಮಬೋಧೆ ಆಗಬೇಕೆಂಬುದೇ ವಾದದ ಅತ್ಯಂತ ನೋವಿನ ಭಾಗ. ತಾವು ಒಪ್ಪದ ತತ್ತ್ವವನ್ನು ಮಗಳಿಗೆ ಬಾಯಿಪಾಠ ಮಾಡಿಸಕೂಡದೆಂದು ತಾಯಿಯ ಹಟ. ಮಗುವಿನ ಆತ್ಮಕ್ಕೆ ಹಾನಿಯಾಗುವುದೆಂದು ಅಜ್ಜಿಯ ಕೊರಗು. ಇತ್ತ ತವರಿನಲ್ಲಿ ಆಕೆ ಧರ್ಮಭ್ರಷ್ಟೆ. ಜೋತಿಬಾ ಫುಲೆಯವರು 1885ರಲ್ಲಿ ತಮ್ಮ ಸತ್ಸಾರ ಪತ್ರಿಕೆಯಲ್ಲಿ ಆಕೆಯ ಪರವಾಗಿ ಬರೆದರು, ಅಂಥವರು ವಿರಳ. ಎರಡು ದಡಗಳೂ ತನ್ನದಲ್ಲವೆಂದ ನಡುಹೊಳೆಯಲ್ಲಿ ಆಕೆ ನಿಂತಿದ್ದರು. ಒಂದು ಮಾತನ್ನು ನುಂಗಿಕೊಂಡು ತಲೆಯಾಡಿಸಿದ್ದರೆ ಒಂದು ದಡವಾದರೂ ಸಿಕ್ಕುತ್ತಿತ್ತು. ಆಕೆ ತಲೆಯಾಡಿಸಲಿಲ್ಲ.

ಹಾಗೆಂದು ಜೆರಾಲ್ಡೀನರನ್ನು ಕಠೋರಹೃದಯೆಯೆಂದು ಎಣಿಸುವುದು ನ್ಯಾಯವಲ್ಲ. ಅವರು ತಮ್ಮ ನಂಬಿಕೆಯಂತೆ ನಡೆದವರು. ರಮಾಬಾಯಿ ತಮ್ಮನ್ನು ಎದುರಿಸಿ ಬರೆದ ಪತ್ರಗಳನ್ನು ಹರಿದು ಹಾಕದೆ, ಜೋಪಾನವಾಗಿ ಕೂಡಿಸಿ ಇಟ್ಟವರು ಅವರೇ. ಆ ಸಂಗ್ರಹ 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಮಹಾರಾಷ್ಟ್ರದಲ್ಲಿ ಅಚ್ಚಾಯಿತು. ತನಗೆ ವಿರುದ್ಧವಾದ ಸಾಕ್ಷ್ಯವನ್ನು ತಾನೇ ಕಾಪಾಡಿದ ಆ ವೃದ್ಧೆಯಲ್ಲಿ ನನಗೆ ಗೌರವವುಂಟು.

1886ರಲ್ಲಿ ರಮಾಬಾಯಿ ಅಮೆರಿಕೆಗೆ ಹೋದರು. ವೈದ್ಯೆಯಾಗಿ ಪದವಿ ಪಡೆಯಲಿದ್ದ ಆನಂದೀಬಾಯಿ ಜೋಶಿಯವರ ಸಮಾರಂಭಕ್ಕೆಂದು ಹೋದವರು ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿ ನಿಂತು, ವಿಧವೆಯರ ಶಾಲೆಗಾಗಿ ಬೆಂಬಲ ಸಂಪಾದಿಸಿದರು. 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನ ತೆರೆಯಿತು. ಕ್ರೈಸ್ತಳಾದವಳು ಶಾಲೆಗೆ ಶಾರದೆಯ ಹೆಸರನ್ನಿಟ್ಟಳೆಂಬುದನ್ನು ನಾವು ಮರೆಯಬಾರದು. ಆಕೆಯ ಸಂದೇಹಗಳಿಗೆ ಪೂರ್ಣ ಶಮನ ದೊರೆತದ್ದು 1891ರ ಸುಮಾರಿನಲ್ಲಿ. ಅಲ್ಲಿಯವರೆಗೆ ತಮಗೆ ಕ್ರೈಸ್ತಮತ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ ಎಂಬುದು ಆಕೆಯದೇ ಅಭಿಪ್ರಾಯ. ದೀಕ್ಷೆಯಾಗಿ ಎಂಟು ವರ್ಷಗಳು! ವಾಂಟೇಜಿನಲ್ಲಿ ಬಲವಂತಕ್ಕೆ ಒಪ್ಪಿಕೊಂಡಿದ್ದರೆ ಈ ಹುಡುಕಾಟ ಅಲ್ಲಿಯೇ ಮುಗಿದು, ನಂಬಿಕೆ ಬರಿಯ ವಿಧೇಯತೆಯಾಗಿ ಉಳಿಯುತ್ತಿತ್ತೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಪ್ರಶ್ನೆಯನ್ನು ಮರೆಸಿ ಹೋಗುವುದು ಸರಿಯಲ್ಲ. ಶಾರದಾ ಸದನದಲ್ಲಿ ಮತಬೋಧೆಯಿಲ್ಲವೆಂಬುದು ಮೊದಲ ನಿಯಮ. ಆದರೆ ಹುಡುಗಿಯರು ಆಕೆಯ ಪ್ರಾರ್ಥನೆಗೆ ಬಂದು ಕೂರತೊಡಗಿದಾಗ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿಯಿಂದ ಹೊರಬಂದರು. ಮುಂದೆ ಕೇಡಗಾವಿನಲ್ಲಿ ಕ್ಷಾಮಪೀಡಿತ ಮಕ್ಕಳಿಗಾಗಿ ಕಟ್ಟಿದ ಮುಕ್ತಿ ಸದನ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ತಾನು ವಾಂಟೇಜಿನಲ್ಲಿ ಕೇಳಿದ ಸ್ವಾತಂತ್ರ್ಯ ಆ ಮಕ್ಕಳಿಗೆ ಎಷ್ಟರಮಟ್ಟಿಗೆ ಇತ್ತು? ಹಸಿದು ಬಂದವರಿಗೆ ಅನ್ನವಿಟ್ಟವರ ದೇವರನ್ನು ಪ್ರಶ್ನಿಸುವ ಶಕ್ತಿ ಎಲ್ಲಿಂದ ಬರಬೇಕು? ಎಲ್ಲರೂ ರಮಾಬಾಯಿಯರಲ್ಲ. ಆಕೆಯ ಮೇಲಿನ ಗೌರವ ಈ ಪ್ರಶ್ನೆಯನ್ನು ಅಳಿಸಲಾರದು. ಈ ಪ್ರಶ್ನೆ ಆಕೆ ಬದುಕಿಸಿದ ಜೀವಗಳನ್ನೂ ಅಳಿಸಲಾರದು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹಿಡಿದ ಕೆಲಸ ಬೈಬಲಿನ ಮರಾಠಿ ಅನುವಾದ. ಇಂಗ್ಲಿಷ್ ಬೈಬಲನ್ನು ಮುಂದಿಟ್ಟುಕೊಂಡು ಅನುವಾದಿಸಿ ಅವರಿಗೆ ತೃಪ್ತಿಯಿರಲಿಲ್ಲ. ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಮೂಲವನ್ನೇ ನೋಡಿ, ಸಾಮಾನ್ಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಬರೆದರು. ಮುಕ್ತಿಯ ಹೆಣ್ಣುಮಕ್ಕಳೇ ಅದನ್ನು ಅಚ್ಚುಹಾಕಿದರು. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾಯಿಯೂ ಕಣ್ಣು ಮುಚ್ಚಿದರು. ಉಡುಪಿಯ ಸಭೆಯಲ್ಲಿ ತಂದೆ ಆಧಾರಗ್ರಂಥವನ್ನು ತೋರಿಸಿರೆಂದು ಕೇಳಿದ್ದರು. ಮಗಳು ಮಠದವರನ್ನೂ ಬಿಷಪ್ಪರನ್ನೂ ಕೇಳಿದ್ದು ಅದನ್ನೇ. ಅವರ ಉತ್ತರ ಸಾಲದೆಂದು ತೋರಿದಾಗ, ಮುಪ್ಪಿನಲ್ಲಿ ಕುಳಿತು, ಆ ಗ್ರಂಥವನ್ನು ಅದರ ಸ್ವಂತ ಭಾಷೆಯಲ್ಲಿ ತಾವೇ ಓದಿಕೊಂಡರು.