ಬೆಡ್ ಹೆಚ್ಚಿಸುವ ಮುನ್ನ ನೈಟಿಂಗೇಲ್ ಲೆಕ್ಕ ನೋಡಿ

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಸರ್ಕಾರಿ ಆಸ್ಪತ್ರೆ ಮಾತು ಬಂದ್ರೆ ಮೊದಲ ಪ್ರಶ್ನೆ, ಎಷ್ಟು ಬೆಡ್ ಅಂತ. ಹೊಸ ಬ್ಲಾಕ್ ಹಳೆ ಕಟ್ಟಡಕ್ಕೆ ಹೊಂದುತ್ತಾ ಅನ್ನೋ ಚರ್ಚೆ ಮಾತ್ರ ಅಪರೂಪ. ಇದೇ ಪ್ರಶ್ನೆಗಾಗಿ ಸರ್ಕಾರದ ಜೊತೆ ಜಗಳವಾಡಿದವರು ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯಲ್ಲಿ ನಾವು ಓದಿದ್ದು ದೀಪ ಹಿಡಿದ ದಾದಿಯನ್ನಷ್ಟೇ.

1820ರಲ್ಲಿ ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಹುಟ್ಟಿದ ಆಕೆ, ಮನೆಯವರ ವಿರೋಧ ಕಟ್ಟಿಕೊಂಡೇ ಶುಶ್ರೂಷೆಗೆ ಇಳಿದರು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಟರ್ಕಿಯ ಸ್ಕುಟಾರಿಗೆ ಹೋದರು. ಸೈನಿಕರ ಬ್ಯಾರಕ್ಕೇ ಅಲ್ಲಿ ಆಸ್ಪತ್ರೆ. ಕೆಳಗೆ ಕೊಳೆತ ಚರಂಡಿ, ಒಳಗೆ ಗಾಳಿಯಿಲ್ಲ. ಹಗಲಿರುಳು ದುಡಿದರೂ ಆ ಚಳಿಗಾಲ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ಗಾಳಿಗೆ ದಾರಿ ಮಾಡಿದ ಮೇಲೆ ಇಳಿಯಿತು. ಊರಿಗೆ ಮರಳಿ ಲೆಕ್ಕ ಹಾಕಿದಾಗ ಗಾಯಕ್ಕಿಂತ ರೋಗಕ್ಕೆ ಸತ್ತವರೇ ಹೆಚ್ಚು.

1859ರಲ್ಲಿ ಆಸ್ಪತ್ರೆಗಳ ಬಗ್ಗೆಯೇ ಪುಸ್ತಕ ಬರೆದರು. ಒಂದೇ ದೊಡ್ಡ ಕಟ್ಟಡ ಬೇಡ. ಸುಮಾರು 30 ಬೆಡ್‌ಗಳ, ಎರಡೂ ಬದಿ ಕಿಟಕಿಯ ಉದ್ದನೆ ವಾರ್ಡ್‌ಗಳು ಸಾಲಾಗಿರಲಿ. ಎರಡು ಕಟ್ಟಡಗಳ ನಡುವೆ ಗೋಡೆಯ ಎತ್ತರದ ಎರಡು ಪಟ್ಟಾದರೂ ಜಾಗ ಬಿಡಬೇಕು. ಬೆಡ್ ಸಾಲದಿದ್ದರೆ ಅದೇ ಅಳತೆಯ ಇನ್ನೊಂದು ವಾರ್ಡ್ ಸಾಲಿಗೆ ಸೇರಿಸಬಹುದು. ನಡುವಿನ ಜಾಗ ತುಂಬಿದರೆ ಹೊಸದಷ್ಟೇ ಅಲ್ಲ, ಅಕ್ಕಪಕ್ಕದ ಹಳೆ ವಾರ್ಡ್‌ಗಳೂ ಉಸಿರುಗಟ್ಟುತ್ತವೆ.

ಆಕೆ ಎಲ್ಲಾ ಕಡೆ ಗೆಲ್ಲಲಿಲ್ಲ. ನೆಟ್ಲಿ ಸೈನಿಕ ಆಸ್ಪತ್ರೆಯ ನಕ್ಷೆ ತಪ್ಪು ಎಂದು ಪ್ರಧಾನಿಯವರೆಗೆ ಹೋದರೂ, ಕೆಲಸ ಆಗಲೇ ಶುರುವಾಗಿದೆ ಅಂತ ಹಾಗೇ ಕಟ್ಟಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ ಮಾತ್ರ 1871ರಲ್ಲಿ ಅವರ ಮಾದರಿಯಲ್ಲೇ ಎದ್ದಿತು. ಎರಡನೇ ಮಹಾಯುದ್ಧದ ಬಾಂಬಿಗೆ ಬಿದ್ದ ವಾರ್ಡ್‌ಗಳ ಜಾಗದಲ್ಲಿ ಮುಂದೆ ಬಂದದ್ದು ಬೇರೆಯೇ ವಿನ್ಯಾಸ.

ಭಾರತಕ್ಕೆ ಕಾಲಿಡದೆಯೇ ಇಲ್ಲಿನ ನೈರ್ಮಲ್ಯದ ಬಗ್ಗೆ ದಶಕಗಟ್ಟಲೆ ಬರೆದರು. ಶುರುವಾದದ್ದು ಬ್ರಿಟಿಷ್ ಸೈನಿಕರ ಆರೋಗ್ಯದಿಂದ ಅನ್ನೋದನ್ನ ಮರೆಯಬೇಕಿಲ್ಲ. ಬರ, ನೀರಾವರಿ, ರೈತರ ಸಾಲದವರೆಗೂ ಆಮೇಲೆ ಬಂದರು. ಕೆಟ್ಟ ಗಾಳಿಯೇ ರೋಗದ ಮೂಲ ಎಂಬ ಅವರ ನಂಬಿಕೆ ಪೂರ್ತಿ ಸರಿಯಲ್ಲ. ಆದರೆ ಗಾಳಿಯಾಡದ ವಾರ್ಡಿನಲ್ಲಿ ಕ್ಷಯ ಹರಡುತ್ತೆ ಅನ್ನೋದು ಇವತ್ತಿಗೂ ಸತ್ಯ. 1910ರ ಆಗಸ್ಟ್ 13ರಂದು ತೀರಿಕೊಂಡರು.

ಕಲಬುರಗಿ ಬೇಸಿಗೆ 40 ಡಿಗ್ರಿ ದಾಟುತ್ತೆ. ಕರೆಂಟ್ ಹೋದಾಗ ರೋಗಿಗೆ ಉಳಿಯೋದು ಕಿಟಕಿ ಮಾತ್ರ. ಹೊಸ ಬ್ಲಾಕ್ ಹಳೆಯದಕ್ಕೆ ಹೊಂದಬೇಕು ಅಂದ್ರೆ ಬಣ್ಣ ಹೊಂದೋದಲ್ಲ, ಅಳತೆ ಮತ್ತು ಅಂತರ ಹೊಂದೋದು. ಮುಂದಿನ ಸಲ ನಿಮ್ಮ ತಾಲೂಕಿಗೆ ಬೆಡ್ ಘೋಷಣೆ ಬಂದ್ರೆ, ಮಾಹಿತಿ ಹಕ್ಕಿನಡಿ ನಕ್ಷೆಯನ್ನೂ ಕೇಳಿ. ಅಡಿಪಾಯ ಹಾಕೋ ಮೊದಲೇ ಕೇಳಿ.