ಕುದ್ಮುಲ್ ರಂಗರಾಯರು

ಶಾಲೆಯ ಬಾಗಿಲು ತೆರೆದರಷ್ಟೇ ಸಾಲದು, ಕಲಿತವನಿಗೆ ಜೀವನೋಪಾಯದ ದಾರಿಯೂ ತೆರೆಯಬೇಕು. ಇದನ್ನು ಬಹು ಹಿಂದೆಯೇ ಮನಗಂಡು, ಅದಕ್ಕಾಗಿ ತಮ್ಮ ಬಾಳನ್ನು ಸವೆಸಿದ ಮಹನೀಯರು ಕುದ್ಮುಲ್ ರಂಗರಾಯರು.

ರಂಗರಾಯರು 1859ರಲ್ಲಿ ಕಾಸರಗೋಡು ಸೀಮೆಯ ಕುದ್ಮುಲ್ ಗ್ರಾಮದಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಉದ್ಯೋಗವನ್ನರಸಿ ಮಂಗಳೂರಿಗೆ ಬಂದರು. ಮೊದಲು ಉಪಾಧ್ಯಾಯರಾಗಿದ್ದು, ಬಳಿಕ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ವಕೀಲರಾದರು. ಬಡವರ ಪರವಾಗಿ ವಾದಿಸುವವರೆಂದು ಹೆಸರಾದರು.

ಆ ದಿನಗಳಲ್ಲಿ ಅಷ್ಟಿಷ್ಟು ಓದು ಕಲಿತ ದಲಿತ ಯುವಕನೊಬ್ಬನಿಗೆ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆಯಿತು. ಮೇಲ್ಜಾತಿಯವರು ಅಷ್ಟನ್ನೂ ಸಹಿಸದೆ ಪ್ರತಿಭಟಿಸಿದರು. ರಂಗರಾಯರು ಯುವಕನ ಪರವಾಗಿ ನಿಂತರು. ಓದಿದವನು ಒಬ್ಬನೇ ಆದರೆ ಅವನನ್ನು ಹೊರಗಟ್ಟುವುದು ಸುಲಭ. ಓದಿದವರು ನೂರಾರು ಮಂದಿಯಾದರೆ ಯಾರನ್ನು ಹೊರಗಟ್ಟುವುದು?

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ವಿರೋಧದ ದೆಸೆಯಿಂದ ಶಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕಾಯಿತು. ಸ್ವಜಾತಿಯವರು ಅವರನ್ನು ದೂರವಿಟ್ಟರು. ಆದರೂ ಅವರು ಎದೆಗುಂದಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಕೂಲಿಗೆ ಹೋಗಬೇಕಾದ ಮಗು ಹಸಿದ ಹೊಟ್ಟೆಯಲ್ಲಿ ಶಾಲೆಯಲ್ಲಿ ಕೂರಲಾರದೆಂಬುದನ್ನು ಅರಿತು, ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸಗಳಂತಹ ಕೈಗಾರಿಕೆಗಳನ್ನೂ ಕಲಿಸುವ ವ್ಯವಸ್ಥೆ ಮಾಡಿದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ರಂಗರಾಯರ ಸೇವೆಯನ್ನು ಮನಸಾರೆ ಕೊಂಡಾಡಿದರು.

ಅದನ್ನು ಕೇಳಲು ರಂಗರಾಯರು ಇರಲಿಲ್ಲ. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ಕಾಲವಾಗಿದ್ದರು. ದಲಿತ ಮಕ್ಕಳು ಓದಿ, ಸರಕಾರಿ ಹುದ್ದೆಗೇರಿ, ತಮ್ಮೂರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು. ಆ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವಾಯಿತು ಎಂಬುದು ಅವರ ಹೆಬ್ಬಯಕೆಯಾಗಿತ್ತು.

ಪ್ರಿಯ ಸಹಪಾಠಿಗಳೇ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪರೀಕ್ಷೆ ಮುಗಿದ ಮೇಲೆ ಮುಂದೇನು ಎಂದು ಅಪ್ಪ ಕೇಳಿದಾಗಲೆಲ್ಲ ನನ್ನಲ್ಲಿ ಉತ್ತರವಿರುವುದಿಲ್ಲ. ನನ್ನಂಥವರು ನಮ್ಮಲ್ಲಿ ಇನ್ನೂ ಹಲವರಿರಬಹುದು. ರಂಗರಾಯರಾದರೋ ಈ ಪ್ರಶ್ನೆಯನ್ನು ಮಕ್ಕಳ ಪಾಲಿಗೆ ಬಿಡದೆ, ತಾವೇ ಹೊತ್ತುಕೊಂಡರು. ನಾಳೆ ನಮಗೊಂದು ನೆಲೆ ದೊರೆತ ಮೇಲೆ, ನಮ್ಮ ಹಿಂದೆ ಬರುವ ಒಬ್ಬ ಹುಡುಗನಿಗಾದರೂ, ಒಬ್ಬ ಹುಡುಗಿಗಾದರೂ ದಾರಿ ತೋರಿಸಿದರೆ, ಅವರ ಋಣವನ್ನು ಕಿಂಚಿತ್ತಾದರೂ ತೀರಿಸಿದಂತಾಗುತ್ತದೆ.